ಜೀತವಿಮುಕ್ತಿ ಮತ್ತು ದೇವರಾಜ ಅರಸು

ಮನುಷ್ಯನನ್ನು ಕಟ್ಟಿಹಾಕಲು ಕಬ್ಬಿಣದ ಸಂಕೋಲೆಯೇ ಬೇಕೆಂದಿಲ್ಲ. ತೀರಿಸಲಾಗದ ಸಾಲವೊಂದಿದ್ದರೆ ಸಾಕು. ಮಗಳ ಮದುವೆಗೋ ಮನೆಯವರ ಕಾಯಿಲೆಗೋ ಒಡೆಯನಿಂದ ಅಲ್ಪಸ್ವಲ್ಪ ಹಣ ಪಡೆದ ಬಡವನು, ಆ ಋಣ ತೀರುವವರೆಗೆ ಅವನ ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ದುಡಿಯುತ್ತಿದ್ದನು. ಬಡ್ಡಿ ಬೆಳೆಯುತ್ತಿತ್ತು, ಅಸಲು ಕರಗುತ್ತಿರಲಿಲ್ಲ. ತಂದೆಯ ತೋಳಿನ ಶಕ್ತಿ ಕುಂದಿದಾಗ ಅವನ ಸ್ಥಾನದಲ್ಲಿ ಮಗನು ನಿಲ್ಲುತ್ತಿದ್ದನು. ಶಾಲೆಯಲ್ಲಿರಬೇಕಾದ ವಯಸ್ಸಿನಲ್ಲಿ ಆ ಬಾಲಕನು ಒಡೆಯನ ದನಗಳನ್ನು ಕಾಯುತ್ತಿದ್ದನು. ಇದೇ ಜೀತ. ಈ ಅನಿಷ್ಟ ಪದ್ಧತಿಯು ಕಾನೂನಿನ ದೃಷ್ಟಿಯಲ್ಲಿ ಅಪರಾಧವೆನಿಸಿದಾಗ ಕರ್ನಾಟಕದ ಆಡಳಿತದ ಹೊಣೆ ಹೊತ್ತಿದ್ದವರು ಡಿ. ದೇವರಾಜ ಅರಸು.

ಅರಸು ಅವರು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರು 1915ನೆಯ ಇಸವಿ ಆಗಸ್ಟ್ 20ರಂದು ಜನಿಸಿದರು. ಮೈಸೂರಿನ ರಾಜಮನೆತನಕ್ಕೆ ಸಂಬಂಧಪಟ್ಟ ಅರಸು ಸಮುದಾಯದಲ್ಲಿ ಹುಟ್ಟಿದರೂ ಅವರ ಬಾಲ್ಯ ಕಳೆದುದು ಹಳ್ಳಿಯ ಬೇಸಾಯದ ಪರಿಸರದಲ್ಲಿ. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿಯೂ ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಓದಿದವರು ಸರ್ಕಾರಿ ನೌಕರಿಯನ್ನು ಅರಸುತ್ತಿದ್ದ ಆ ಕಾಲದಲ್ಲಿ ಅವರು ಹುಟ್ಟೂರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು.

ಅವರ ಸುತ್ತಲಿನ ನಾಡು ನೋಡಲು ಸಮೃದ್ಧವಾದುದು. ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳು ಗದ್ದೆಗಳಿಗೆ ನೀರೂಡಿಸುತ್ತವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ರಾಗಿಯೂ ಹೊಗೆಸೊಪ್ಪೂ ಬೆಳೆಯುತ್ತವೆ. ಹೆಗ್ಗಡದೇವನಕೋಟೆಯಲ್ಲಿ ಕಪಿಲೆ ಹರಿಯುತ್ತಾಳೆ; ಅದರಾಚೆಗೆ ಹೆಬ್ಬಾಡು ಹಬ್ಬಿದೆ. ಆದರೆ ಈ ನೆಲವನ್ನು ಉತ್ತು ಬಿತ್ತಿದ ಅನೇಕರಿಗೆ ನೆಲದ ಮೇಲೆ ಹಕ್ಕಿರಲಿಲ್ಲ. ಭೂಹೀನ ದಲಿತರು ಉಳ್ಳವರ ಮನೆಗಳಲ್ಲಿ ಜೀತಕ್ಕಿದ್ದರು. ಕಾಡನ್ನು ನಂಬಿ ಬದುಕಿದ್ದ ಜೇನುಕುರುಬರೇ ಮೊದಲಾದ ಗಿರಿಜನರಲ್ಲಿ ಹಲವರು ಕೊಡಗಿನ ಕಾಫಿ ತೋಟಗಳ ಕೂಲಿಸಾಲುಗಳನ್ನು ಸೇರಿದರು.

1941ರಲ್ಲಿ ಅರಸು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಮಂತ್ರಿಯಾಗಿ ಅನುಭವ ಪಡೆದ ಮೇಲೆ, 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರನ್ನು ಪಡೆದುದು ಅವರ ಕಾಲದಲ್ಲಿಯೇ.

ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಮ್ಮ ಸಂವಿಧಾನದ 23ನೆಯ ವಿಧಿಯು 1950ರಲ್ಲಿಯೇ ನಿಷೇಧಿಸಿತ್ತು. ಆದರೂ ಜೀತವನ್ನು ಬುಡಸಮೇತ ಕೀಳುವ ಕಾಯಿದೆಗಾಗಿ ದೇಶವು ಇಪ್ಪತ್ತೈದು ವರ್ಷ ಕಾಯಬೇಕಾಯಿತು. 1975ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದು ತುರ್ತುಪರಿಸ್ಥಿತಿಯ ಕಾಲ. ದೇಶದ ಪ್ರಜೆಗಳ ಹಲವು ಸ್ವಾತಂತ್ರ್ಯಗಳು ಮೊಟಕಾಗಿದ್ದಾಗಲೇ ಜೀತದಾಳಿಗೆ ಸ್ವಾತಂತ್ರ್ಯದ ಕಾನೂನು ದೊರೆತುದು ಇತಿಹಾಸದ ಒಂದು ವಿಚಿತ್ರ. 1976ರಲ್ಲಿ ಸಂಸತ್ತು ಅದನ್ನು ಕಾಯಿದೆಯನ್ನಾಗಿ ಮಾಡಿತು. ಅದರಂತೆ ಜೀತದ ಸಾಲವೆಲ್ಲ ರದ್ದಾಯಿತು. ಅಡವಿಟ್ಟ ಆಸ್ತಿಯನ್ನು ಹಿಂದಿರುಗಿಸಬೇಕಾಯಿತು. ಬಿಡುಗಡೆಯಾದವನನ್ನು ಅವನ ವಾಸದ ಮನೆಯಿಂದ ಹೊರಹಾಕುವಂತಿರಲಿಲ್ಲ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಎರಡು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಯಿತು. ಇದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದೇ ಆಯಿತು. ಓದುಬರಹವಿಲ್ಲದ, ಕಾಗದಪತ್ರವಿಲ್ಲದ ಬಡವನಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೊಂದಿಲ್ಲ.

ಕಾಯಿದೆಯು ಕೇಂದ್ರದ್ದಾದರೂ ಅದನ್ನು ಜಾರಿಗೆ ತರುವ ಕೆಲಸ ರಾಜ್ಯಗಳದು. ದಂಡನೆಯ ಭಯವೊಂದರಿಂದಲೇ ಬಡವನು ಸ್ವತಂತ್ರನಾಗಲಾರನು. ಅವನನ್ನು ಒಡೆಯನ ಬಾಗಿಲಿಗೆ ನೂಕುವ ಕಾರಣಗಳನ್ನೂ ನಿವಾರಿಸಬೇಕು. ಅರಸು ಅವರ ಆಡಳಿತದ ಹಿರಿಮೆ ಇರುವುದು ಇಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಇದಕ್ಕಾಗಿ ನೇಮಿಸಿದ ಭೂನ್ಯಾಯಮಂಡಳಿಗಳ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಹಣವಂತನ ಪರವಾಗಿ ಜಾಣ ಮಾತು ಗೆಲ್ಲಬಾರದೆಂಬುದೇ ಇದರ ಉದ್ದೇಶ. 1976ರ ಋಣಪರಿಹಾರ ಕಾಯಿದೆಯು ಸಣ್ಣ ರೈತರ, ಭೂಹೀನ ಕೂಲಿಕಾರರ ಸಾಲಗಳನ್ನು ತೊಡೆದುಹಾಕಿತು. ಗಿರವಿಯ ಒಡವೆ ಪಾತ್ರೆಗಳು ಬಡವರ ಮನೆಗೆ ಹಿಂದಿರುಗಿದವು. ಮನೆಯಿಲ್ಲದವರಿಗೆ ನಿವೇಶನಗಳೂ ಜನತಾ ಮನೆಗಳೂ ದೊರೆತವು. ಎಲ್.ಜಿ. ಹಾವನೂರರ ಅಧ್ಯಕ್ಷತೆಯ ಆಯೋಗವು ಹಿಂದುಳಿದ ವರ್ಗಗಳ ಸ್ಥಿತಿಯನ್ನು ಪರಿಶೀಲಿಸಿ 1975ರಲ್ಲಿ ವರದಿ ನೀಡಿತು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರ ಪ್ರಯತ್ನದಿಂದ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂದಿತು.

ಈ ಕಾರ್ಯಗಳಲ್ಲಿ ಕೊರತೆಯೇ ಇರಲಿಲ್ಲವೆಂದು ಹೇಳಲಾಗದು. ಗೇಣಿದಾರನಿಗೆ ಭೂಮಿ ದೊರೆಯಿತು. ಆದರೆ ಜೀತದಾಳು ಗೇಣಿದಾರನಾಗಿರಲಿಲ್ಲ. ಅವನು ಬೆವರು ಸುರಿಸಿದ ಹೊಲದ ದಾಖಲೆಯಲ್ಲಿ ಅವನ ಹೆಸರಿರಲಿಲ್ಲ. ಆದುದರಿಂದ ಬಿಡುಗಡೆ ಹೊಂದಿಯೂ ಜೀವನಕ್ಕೆ ದಾರಿ ಕಾಣದವರು ಮತ್ತೆ ಸಾಲಕ್ಕೆ ಕೈಯೊಡ್ಡಬೇಕಾಯಿತು. ಅರಸು ಅವರ ಆಡಳಿತದ ಮೇಲೆ ಆಪಾದನೆಗಳೂ ಬಂದವು. ಅವುಗಳ ವಿಚಾರಣೆಗೆ ಕೇಂದ್ರ ಸರ್ಕಾರವು 1977ರಲ್ಲಿ ಗ್ರೋವರ್ ಆಯೋಗವನ್ನು ನೇಮಿಸಿತು. 1978ರಲ್ಲಿ ಜನರು ಅವರನ್ನು ಪುನಃ ಅಧಿಕಾರಕ್ಕೆ ತಂದರು. 1979ರಲ್ಲಿ ಅವರು ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯಲ್ಲಿ ಮುಖ್ಯಮಂತ್ರಿ ಪದವಿಯನ್ನು ತ್ಯಜಿಸಿದರು. 1982ರ ಜೂನ್ 6ರಂದು ಅವರು ನಿಧನ ಹೊಂದಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಹತ್ವದ ತೀರ್ಪೊಂದನ್ನು ನೀಡಿತು. ಹಸಿವಿನ ಒತ್ತಾಯಕ್ಕೆ ಮಣಿದು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಅದು ಸಾರಿತು. ಇಂದು ಜೀತವು ವೇಷ ಬದಲಿಸಿದೆ. ಮುಂಗಡ ಹಣ ಕೊಟ್ಟು ಕುಟುಂಬಗಳನ್ನು ದೂರದ ಇಟ್ಟಿಗೆ ಗೂಡುಗಳಿಗೆ ಸಾಗಿಸುವವರಿದ್ದಾರೆ. ಕೆಲಸದ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಮಾರುವವರಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಪ್ರಕರಣವು ಇಂತಹ ಮಾನವ ಸಾಗಾಣಿಕೆಗೆ ಏಳರಿಂದ ಹತ್ತು ವರ್ಷಗಳ ಕಠಿಣ ಸೆರೆವಾಸವನ್ನು ವಿಧಿಸುತ್ತದೆ. ಸಾಗಿಸಲ್ಪಟ್ಟವರು ಒಪ್ಪಿಯೇ ಬಂದಿದ್ದರೆಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಏಕೆಂದರೆ ಬಲೆಗೆ ಬಿದ್ದವನ ಒಪ್ಪಿಗೆಯು ನಿಜವಾದ ಒಪ್ಪಿಗೆಯಲ್ಲ.

ಅಪರಾಧಿಯನ್ನು ದಂಡಿಸುವುದು ನ್ಯಾಯದ ಅರ್ಧಭಾಗ ಮಾತ್ರ. ಬಿಡುಗಡೆಯಾದವನಿಗೆ ಮನೆ, ಭೂಮಿ, ವಿದ್ಯೆ ದೊರೆಯುವಂತೆ ಮಾಡುವುದು ಉಳಿದರ್ಧ. ಈ ಎರಡನ್ನೂ ಜೊತೆಜೊತೆಯಾಗಿ ಸಾಧಿಸಲು ಹೊರಟ ಆಡಳಿತಗಾರರ ಸಾಲಿನಲ್ಲಿ ಕಲ್ಲಹಳ್ಳಿಯ ದೇವರಾಜ ಅರಸು ಅವರಿಗೆ ಹಿರಿಯ ಸ್ಥಾನವಿದೆ. ಅವರು ಆರಂಭಿಸಿದ ಕಾರ್ಯವನ್ನು ಪೂರ್ಣಗೊಳಿಸುವ ಹೊಣೆ ಮುಂದಿನ ಪೀಳಿಗೆಯದು.