ಬಟ್ಟೆಯಂಗಡಿಯ ಇಮಾಮರು

ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮ್ಮ ಮನೆಗಳಲ್ಲಿ ಹೆಚ್ಚಿನವರು ಹನಫೀ ಮದ್‌ಹಬನ್ನು ಅನುಸರಿಸುವವರು. ನಮಾಝಿನಲ್ಲಿ ಕೈಯನ್ನು ಎಲ್ಲಿ ಕಟ್ಟಬೇಕು, ವಿತ್ರ್ ಎಷ್ಟು ರಕಅತ್ ಎಂದು ಕೇಳಿದರೆ ನಮ್ಮ ಚಿಕ್ಕ ಮಕ್ಕಳೂ ಉತ್ತರ ಹೇಳುತ್ತಾರೆ. ಆದರೆ ಪ್ರಿಯ ಓದುಗರೇ, ಆ ಮದ್‌ಹಬಿನ ಇಮಾಮರು ಬಟ್ಟೆ ವ್ಯಾಪಾರ ಮಾಡಿ ಬದುಕಿದವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಅವರ ಪಾಠಶಾಲೆಯಿಂದ ನಮಾಝಿನ ವಿಧಿಗಳನ್ನು ಪಡೆದ ನಾವು ಅವರ ಅಂಗಡಿಯಿಂದ ಏನನ್ನು ಪಡೆದೆವು?

ಇಮಾಮ್ ಅಬೂ ಹನೀಫಾ(ರ)ರ ನಿಜವಾದ ಹೆಸರು ನುಅ್‌ಮಾನ್ ಬಿನ್ ಸಾಬಿತ್. ಹಿಜರಿ 80ರಲ್ಲಿ, ಅಂದರೆ ಕ್ರಿ.ಶ. 699ರಲ್ಲಿ, ಇರಾಕಿನ ಕೂಫಾ ನಗರದಲ್ಲಿ ಜನಿಸಿದರು. ಮನೆತನದ್ದು ವ್ಯಾಪಾರ. ಉಣ್ಣೆ ಮತ್ತು ರೇಷ್ಮೆಯನ್ನು ಸೇರಿಸಿ ನೇಯುವ ಖಝ್ಝ್ ಎಂಬ ಬಟ್ಟೆ ಅವರ ಅಂಗಡಿಯ ಮುಖ್ಯ ಸರಕು. ಯೌವನದಲ್ಲಿ ಅವರ ಓಡಾಟವೆಲ್ಲ ಪೇಟೆಯಲ್ಲೇ ಇತ್ತು. ಪ್ರಸಿದ್ಧ ವಿದ್ವಾಂಸ ಶಅಬೀ(ರ)ಯವರು ಈ ಯುವಕನ ಚುರುಕುತನವನ್ನು ಗುರುತಿಸಿ ಜ್ಞಾನಾರ್ಜನೆಯ ಕಡೆಗೆ ಪ್ರೇರೇಪಿಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಬಳಿಕ ಅವರು ಹಮ್ಮಾದ್ ಬಿನ್ ಅಬೀ ಸುಲೈಮಾನ್(ರ)ರ ಶಿಷ್ಯರಾಗಿ ಸುಮಾರು 18 ವರ್ಷ ಕಲಿತರು. ಹಿಜರಿ 120ರಲ್ಲಿ ಗುರುಗಳು ತೀರಿಕೊಂಡಾಗ ಅವರ ಸ್ಥಾನದಲ್ಲಿ ಕುಳಿತು ಪಾಠ ಹೇಳತೊಡಗಿದರು.

ಇಷ್ಟು ದೊಡ್ಡ ಸ್ಥಾನ ಸಿಕ್ಕಿದ ಮೇಲೂ ಅವರು ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಪಾಲುದಾರರ ನೆರವಿನಿಂದ ವ್ಯಾಪಾರವನ್ನು ಮುಂದುವರಿಸಿದರು. ಧರ್ಮ ಬೇರೆ, ದಂಧೆ ಬೇರೆ ಎಂಬ ಮಾತು ಅವರ ಬದುಕಿನಲ್ಲಿ ಇರಲೇ ಇಲ್ಲ. ಬೆಳಿಗ್ಗೆ ಮಸೀದಿಯಲ್ಲಿ ಕಲಿಸಿದ ಧರ್ಮವನ್ನು ಹಗಲು ಪೇಟೆಯಲ್ಲಿ ನಡೆದು ತೋರಿಸಿದರು.

ಒಮ್ಮೆ ಒಬ್ಬ ಹೆಂಗಸು ರೇಷ್ಮೆಯ ಬಟ್ಟೆಯೊಂದನ್ನು ಅವರಿಗೆ ಮಾರಲು ತಂದಳು. ಬೆಲೆ ಕೇಳಿದಾಗ ನೂರು ಎಂದಳು. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದರು ಇಮಾಮರು. ಆಕೆ ನೂರು ನೂರಾಗಿ ಏರಿಸುತ್ತ ನಾಲ್ಕು ನೂರಕ್ಕೆ ಬಂದಳು. ಇನ್ನೂ ಹೆಚ್ಚಿದೆ ಎಂದಾಗ, ಇವರು ತನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡಳು. ಇಮಾಮರು ಬೆಲೆ ಬಲ್ಲ ಒಬ್ಬನನ್ನು ಕರೆತರಲು ಹೇಳಿದರು. ಕೊನೆಗೆ ಆ ಬಟ್ಟೆಯನ್ನು ಐದು ನೂರಕ್ಕೆ ಕೊಂಡರು. ಕೊಳ್ಳುವವನೇ ಬೆಲೆ ಏರಿಸಿದ ಇಂಥ ವ್ಯಾಪಾರವನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಆಸ್ಪತ್ರೆಯ ಖರ್ಚಿಗೋ ಮಗಳ ಮದುವೆಗೋ ಒಡವೆ ಮಾರಲು ಬಂದವರ ಮುಖದಲ್ಲಿ ಗಡಿಬಿಡಿ ಕಂಡಾಗ ನಮ್ಮ ಮನಸ್ಸು ಏನು ಲೆಕ್ಕ ಹಾಕುತ್ತದೆ? ಇದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಇನ್ನೊಮ್ಮೆ ಒಬ್ಬ ಮುದುಕಿ ಬಂದು, ತಾನು ಅಶಕ್ತಳು, ಈ ಬಟ್ಟೆಯನ್ನು ಅಸಲು ಬೆಲೆಗೆ ಕೊಡಬೇಕು ಎಂದು ಕೇಳಿಕೊಂಡಳು. ಇಮಾಮರು ನಾಲ್ಕು ದಿರ್ಹಮ್ ಕೇಳಿದರು. ಅದು ತೀರಾ ಅಗ್ಗವಾಗಿತ್ತು. ಆಕೆ ನಂಬಲಿಲ್ಲ. ಆಗ ಅವರು ಲೆಕ್ಕ ಬಿಡಿಸಿ ಹೇಳಿದರು: ಎರಡು ಬಟ್ಟೆಗಳನ್ನು ಒಟ್ಟಿಗೆ ಕೊಂಡಿದ್ದೆ, ಒಂದನ್ನು ಮಾರಿದಾಗಲೇ ಎರಡರ ಅಸಲಿನಲ್ಲಿ ನಾಲ್ಕು ದಿರ್ಹಮ್ ಬಿಟ್ಟು ಉಳಿದುದೆಲ್ಲ ಕೈಸೇರಿತು, ಹೀಗಾಗಿ ಇದರ ಅಸಲು ಈಗ ನಾಲ್ಕೇ ದಿರ್ಹಮ್. ನಮ್ಮ ಪೇಟೆಗಳಲ್ಲಿ ಅಸಲಿಗೇ ಕೊಡುತ್ತಿದ್ದೇನೆ ಎಂಬ ಮಾತು ದಿನಕ್ಕೆ ಎಷ್ಟು ಸಲ ಕೇಳಿಬರುತ್ತದೆ! ಅಸಲು ಹೇಳಿ ಅದರ ಮೇಲೆ ಇಂತಿಷ್ಟು ಲಾಭ ಎಂದು ತಿಳಿಸಿ ಮಾರುವುದಕ್ಕೆ ಫಿಕ್‌ಹ್‌ನಲ್ಲಿ ಮುರಾಬಹಾ ಎನ್ನುತ್ತಾರೆ. ಅಲ್ಲಿ ಅಸಲನ್ನು ಸುಳ್ಳು ಹೇಳಿದ್ದು ಬಯಲಾದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದು ಇಮಾಮರ ತೀರ್ಪು.

ಹಫ್ಸ್ ಬಿನ್ ಅಬ್ದುರ್ರಹ್ಮಾನ್ ಎಂಬವರು ಇಮಾಮರ ವ್ಯಾಪಾರದಲ್ಲಿ ಪಾಲುದಾರರು. ಒಮ್ಮೆ ಅವರ ಕೈಗೆ ಸರಕು ಕೊಟ್ಟು ಕಳುಹಿಸುವಾಗ, ಅದರಲ್ಲಿ ಒಂದು ಬಟ್ಟೆಗೆ ದೋಷವಿದೆ, ಕೊಳ್ಳುವವರಿಗೆ ತಿಳಿಸಿ ಮಾರಬೇಕು ಎಂದು ಇಮಾಮರು ಎಚ್ಚರಿಸಿದ್ದರು. ಹಫ್ಸ್ ಸರಕನ್ನು ಮಾರಿದರು, ದೋಷ ಹೇಳಲು ಮರೆತರು. ಕೊಂಡವನು ಯಾರೆಂಬುದೂ ಗೊತ್ತಾಗಲಿಲ್ಲ. ವಿಷಯ ತಿಳಿದಾಗ ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರು.

ಗಜೇಂದ್ರಗಡ ಮಗ್ಗದ ಊರು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರು. ಒಂದು ಎಳೆ ತಪ್ಪಿದ ಸೀರೆಯನ್ನು ಮಡಿಕೆಯ ಒಳಗಿಟ್ಟು ತೋರಿಸುವುದು ಎಷ್ಟು ಸುಲಭ ಎಂಬುದು ನೇಯುವವರಿಗೂ ಮಾರುವವರಿಗೂ ಗೊತ್ತು. ಬಡ್ಡಿಯಿಂದ ದೂರವಿದ್ದೇನೆ, ಆದ್ದರಿಂದ ನನ್ನ ಗಳಿಕೆ ಹಲಾಲ್ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಬಡ್ಡಿ ಘೋರ ಪಾಪ, ಅದರಲ್ಲಿ ಸಂದೇಹವಿಲ್ಲ. ಆದರೆ ಮುಚ್ಚಿಟ್ಟ ದೋಷ, ಸುಳ್ಳು ಅಸಲು, ಇನ್ನೊಬ್ಬರ ಅಡಚಣೆಯಿಂದ ಮಾಡಿಕೊಂಡ ಲಾಭ ಇವೂ ಅದೇ ಗಲ್ಲೆಗೆ ಬಂದು ಬೀಳುತ್ತವೆ. ಇಮಾಮರ ಜೀವನ ನಮಗೆ ಹೇಳುವ ಮುಖ್ಯ ಪಾಠವೇ ಇದು.

ಪೇಟೆಯನ್ನು ಕಣ್ಣಾರೆ ಕಂಡಿದ್ದರಿಂದ ಅವರ ಫಿಕ್‌ಹ್ ಜನಜೀವನಕ್ಕೆ ಹತ್ತಿರವಾಯಿತು. ಇಲ್ಲದ ವಸ್ತುವನ್ನು ಮಾರಬಾರದು ಎಂಬುದು ಸಾಮಾನ್ಯ ನಿಯಮ. ಹಾಗಾದರೆ ಇಂಥದೇ ಬಣ್ಣದ, ಇಂಥದೇ ಅಂಚಿನ ಸೀರೆ ನೇಯ್ದು ಕೊಡು ಎಂದು ನೇಕಾರನಿಗೆ ಹೇಳುವುದು ಹೇಗೆ? ಜನರ ರೂಢಿ ಮತ್ತು ಅಗತ್ಯವನ್ನು ಗಮನಿಸಿ ಹನಫೀ ವಿದ್ವಾಂಸರು ಇದನ್ನು ಇಸ್ತಿಸ್ನಾ ಎಂಬ ಹೆಸರಿನಲ್ಲಿ ಅನುಮತಿಸಿದರು. ಷರತ್ತೆಂದರೆ, ಮಾಡಿಸುವ ವಸ್ತು ಹೇಗಿರಬೇಕೆಂಬುದು ಮೊದಲೇ ಸ್ಪಷ್ಟವಾಗಿರಬೇಕು.

ರೋಣದ ಎರೆಹೊಲದ ರೈತನ ಕಷ್ಟ ಇನ್ನೊಂದು ಬಗೆಯದು. ಬಿತ್ತನೆಗೆ ಮುಂಚೆ ಕೈಯಲ್ಲಿ ರೊಕ್ಕವಿಲ್ಲ. ವ್ಯಾಪಾರಿ ಸಾಲ ಕೊಡುತ್ತಾನೆ, ಅದರ ಋಣಕ್ಕೆ ಹೆಸರು, ಕಡಲೆಯನ್ನು ಕಡಿಮೆ ದರಕ್ಕೆ ತನಗೇ ಹಾಕಬೇಕು ಎನ್ನುತ್ತಾನೆ. ಸಾಲದ ಮೇಲೆ ಹೀಗೆ ಕರಾರು ಮಾಡಿ ಪಡೆಯುವ ಲಾಭ, ಬಡ್ಡಿಯ ಹೆಸರಿಲ್ಲದಿದ್ದರೂ ಬಡ್ಡಿಯೇ. ಆದರೆ ಪೂರ್ತಿ ಹಣವನ್ನು ಮುಂಗಡವಾಗಿ ಎಣಿಸಿಕೊಟ್ಟು, ಧಾನ್ಯದ ಜಾತಿ, ಗುಣ, ತೂಕ, ಕೊಡುವ ದಿನ ಎಲ್ಲವನ್ನೂ ನಿಗದಿ ಮಾಡಿ ಕೊಂಡರೆ ಅದು ಸಲಮ್ ವ್ಯಾಪಾರ, ಧರ್ಮಸಮ್ಮತ. ಸರಕನ್ನು ಯಾವ ಜಾಗದಲ್ಲಿ ಒಪ್ಪಿಸಬೇಕೆಂಬುದೂ ಮೊದಲೇ ತೀರ್ಮಾನವಾಗಬೇಕು ಎಂದು ಇಮಾಮರು ಸೇರಿಸಿದರು, ಸಾಗಾಟದ ಖರ್ಚಿಗೆ ಮುಂದೆ ಜಗಳವಾಗಬಾರದಲ್ಲವೇ? ಇದೇ ಹೊಲದ ಬೆಳೆಯೇ ಬೇಕು ಎಂದು ಕರಾರು ಮಾಡುವಂತಿಲ್ಲ. ಮಳೆ ಕೈಕೊಟ್ಟರೆ ರೈತ ಏನು ಮಾಡಬೇಕು?

ಪಾಲಿನ ಬೇಸಾಯದ ವಿಷಯದಲ್ಲಿ ಇಮಾಮರು ಇನ್ನೂ ಬಿಗಿಯಾಗಿದ್ದರು, ಅದನ್ನು ಒಪ್ಪಲಿಲ್ಲ. ಅವರ ಶಿಷ್ಯರಾದ ಅಬೂ ಯೂಸುಫ್(ರ) ಮತ್ತು ಮುಹಮ್ಮದ್(ರ) ಅದನ್ನು ಅನುಮತಿಸಿದರು. ಮದ್‌ಹಬಿನ ಫತ್ವಾ ಶಿಷ್ಯರ ಅಭಿಪ್ರಾಯದ ಮೇಲಿದೆ. ಆದರೆ ಬೆಳೆ ಬಂದಷ್ಟರಲ್ಲಿ ಅರ್ಧ, ಮೂರರಲ್ಲಿ ಒಂದು ಎಂದು ಪಾಲು ಇರಬೇಕೇ ಹೊರತು, ಎಷ್ಟೇ ಬೆಳೆಯಲಿ ನನಗೆ ಹತ್ತು ಚೀಲ ಎಂದು ಒಬ್ಬರಿಗೆ ಕಟ್ಟಿಡುವಂತಿಲ್ಲ.

ಸಾಲದ ಹೊರೆ ಈ ನಾಡಿಗೆ ಹೊಸದಲ್ಲ. 1904ರ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ರೈತರ ಸಹಕಾರ ಸಂಘ ಹುಟ್ಟಿತು. ಸಾಹುಕಾರರ ಹಿಡಿತದಿಂದ ಬಿಡಿಸಿಕೊಳ್ಳಲು ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಆ ಊರಿನವರು ಒಂದಾದರು. ಸಂಘದ ಸಾಲಕ್ಕೂ ಬಡ್ಡಿ ಇತ್ತು ಎಂಬುದು ಬೇರೆ ಮಾತು. ಆದರೆ ಸಾಲಗಾರನ ಸಂಕಟ ಜಾತಿ, ಮತ ನೋಡಿ ಬರುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸಾಲಗಾರರೊಂದಿಗೆ ಇಮಾಮರು ಹೇಗೆ ನಡೆದುಕೊಂಡರು ನೋಡಿ. ಒಮ್ಮೆ ದಾರಿಯಲ್ಲಿ ಎದುರಿಗೆ ಬರುತ್ತಿದ್ದವನೊಬ್ಬ ಅವರನ್ನು ಕಂಡು ಬೇರೆ ದಾರಿಗೆ ಹೊರಳಿದ. ಇಮಾಮರು ಅವನನ್ನು ಕರೆದು ಕಾರಣ ಕೇಳಿದರು. ಹತ್ತು ಸಾವಿರ ದಿರ್ಹಮ್ ಸಾಲವಿದೆ, ತೀರಿಸಲಾಗಿಲ್ಲ, ಮುಖ ತೋರಿಸಲು ನಾಚಿಕೆ ಎಂದ. ಇಮಾಮರು ಅಲ್ಲೇ ಸಾಲವನ್ನು ಪೂರ್ತಿ ಮನ್ನಾ ಮಾಡಿದರು. ಅಷ್ಟೇ ಅಲ್ಲ, ತನ್ನಿಂದಾಗಿ ಅವನ ಮನಸ್ಸಿಗಾದ ಕಳವಳಕ್ಕೆ ಅವನಲ್ಲೇ ಕ್ಷಮೆ ಕೇಳಿದರು. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಡುವುದು ಇನ್ನೂ ಉತ್ತಮ ಎಂದು ಅಲ್ ಬಕರ ಅಧ್ಯಾಯ ಕಲಿಸುತ್ತದೆ. ಇಮಾಮರು ಅದನ್ನು ಬೀದಿಯಲ್ಲಿ ನಿಂತು ಪಾಲಿಸಿದರು. ಅದೇ ಅಧ್ಯಾಯ ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡಲೂ ಹೇಳುತ್ತದೆ. ಅಣ್ಣತಮ್ಮಂದಿರ ನಡುವೆ ಬರಹ ಏಕೆ ಎಂದು ಬಿಟ್ಟ ಕೈಗಡಗಳಿಂದ ಎಷ್ಟು ಮನೆಗಳು ಒಡೆದಿಲ್ಲ!

ವ್ಯಾಪಾರದ ಲಾಭದಿಂದ ಇಮಾಮರು ವಿದ್ವಾಂಸರ, ವಿದ್ಯಾರ್ಥಿಗಳ ಅಗತ್ಯಗಳನ್ನು ಪೂರೈಸುತ್ತಿದ್ದರು. ಬಡತನದಿಂದ ಓದು ಬಿಡಬೇಕಾಗಿದ್ದ ಅಬೂ ಯೂಸುಫ್(ರ)ರಿಗೆ ಆಸರೆಯಾದದ್ದು ಅದೇ ಹಣ. ಆ ಶಿಷ್ಯರು ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು, ಕಂದಾಯದ ಕುರಿತು ಕಿತಾಬುಲ್ ಖರಾಜ್ ಎಂಬ ಗ್ರಂಥ ಬರೆದರು.

ಸ್ವಂತ ದುಡಿಮೆ ಇಮಾಮರಿಗೆ ಇನ್ನೊಂದು ಬಲವನ್ನೂ ಕೊಟ್ಟಿತು. ಉಮವೀ ಆಳ್ವಿಕೆಯಲ್ಲಿ ಇರಾಕಿನ ಅಧಿಕಾರಿ ಇಬ್ನು ಹುಬೈರಾ ಪದವಿ ಕೊಡಲು ಬಂದಾಗ ನಿರಾಕರಿಸಿದರು, ಚಾಟಿಯೇಟು ತಿಂದರು. ಅಬ್ಬಾಸೀ ಖಲೀಫ ಮನ್ಸೂರ್ ನ್ಯಾಯಾಧೀಶರಾಗಲು ಒತ್ತಾಯಿಸಿದಾಗಲೂ ಒಪ್ಪದೆ ಸೆರೆಮನೆ ಸೇರಿದರು. ಹಿಜರಿ 150ರಲ್ಲಿ, ಕ್ರಿ.ಶ. 767ರಲ್ಲಿ, ಬಗ್ದಾದಿನಲ್ಲಿ ನಿಧನರಾದರು. ಅರಮನೆಯ ಅನ್ನಕ್ಕೆ ಕೈಯೊಡ್ಡದವರಿಗೆ ಅರಮನೆಯ ಎದುರು ತಲೆಯೆತ್ತಿ ನಿಲ್ಲುವುದು ಸಾಧ್ಯವಾಯಿತು.

ಓದುಗರೇ, ಇಂದು ಇಶಾ ನಮಾಝಿನ ಬಳಿಕ ನಿಮ್ಮ ಉದ್ರಿ ಪುಸ್ತಕವನ್ನೊಮ್ಮೆ ತೆರೆಯಿರಿ. ತೀರಿಸಬೇಕಾದ ಕೂಲಿ ಯಾವುದು, ಬರೆದಿಡಬೇಕಾದ ಸಾಲ ಯಾವುದು, ನಿಮ್ಮನ್ನು ಕಂಡು ದಾರಿ ಬದಲಿಸುವ ಸಾಲಗಾರ ಯಾರು ಎಂದು ನೋಡಿ. ಪರಲೋಕದಲ್ಲಿ ಕೇಳುವ ಲೆಕ್ಕದ ಬಹುಭಾಗ ಆ ಪುಟಗಳಲ್ಲೇ ಇದೆ. ನಮ್ಮ ನಮಾಝಿನಂತೆ ನಮ್ಮ ವ್ಯವಹಾರವನ್ನೂ ಶುದ್ಧವಾಗಿಡುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.