ಶ್ವಾರ್ಟ್ಸ್ ಅಯ್ಯನವರ ಸಂಚಾರಗಳು

ನಮ್ಮ ಹಳ್ಳಿಗಳ ಸಭೆಗಳಲ್ಲಿ ಬೋಧಕರು ಬರುವ ದಿನವನ್ನು ಎಣಿಸಿ ಕಾಯುವ ಕುಟುಂಬಗಳು ಎಷ್ಟೋ ಇವೆ. ಒಬ್ಬ ಬೋಧಕರ ವಿಚಾರಣೆಯಲ್ಲಿ ಅನೇಕ ಹಳ್ಳಿಗಳಿರುವದರಿಂದ ಅವರು ಒಂದೊಂದು ಊರಿಗೆ ಬಹು ದಿನಗಳಿಗೊಮ್ಮೆ ಬಂದು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ, ಕರ್ತನ ಭೋಜನವನ್ನು ಹಂಚಿ, ರೋಗಿಗಳನ್ನು ನೋಡಿ, ಮುಂದಿನ ಊರಿಗೆ ಹೊರಟುಹೋಗುತ್ತಾರೆ. ಇಷ್ಟು ಸ್ವಲ್ಪ ಹೊತ್ತಿನ ಭೇಟಿಯಿಂದ ಸಭೆಗೆ ಆಗುವ ಪ್ರಯೋಜನವೇನೆಂದು ನಮ್ಮಲ್ಲಿ ಕೆಲವರು ಕೇಳುವದುಂಟು. ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವದಕ್ಕಿಂತ ಒಬ್ಬ ದೇವಸೇವಕರ ಜೀವಿತವನ್ನು ವಾಚಕರ ಮುಂದೆ ಇಡುವದು ಲೇಸೆಂದು ನಮಗೆ ತೋರುತ್ತದೆ. ಅವರು ಕ್ರಿಸ್ತಿಯಾನ್ ಫ್ರೆಡರಿಕ್ ಶ್ವಾರ್ಟ್ಸ್ ಅಯ್ಯನವರು. ನಾಲ್ವತ್ತೇಳು ವರುಷಗಳಿಗಿಂತ ಹೆಚ್ಚು ಕಾಲ ತಮಿಳು ದೇಶದಲ್ಲಿ ಊರಿಂದ ಊರಿಗೆ ಸಂಚರಿಸಿದ ಇವರು ಒಮ್ಮೆ ನಮ್ಮ ಶ್ರೀರಂಗಪಟ್ಟಣಕ್ಕೂ ಬಂದವರು.

ಶ್ವಾರ್ಟ್ಸ್‌ರವರು ೧೭೨೬ನೇ ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಬ್ರಾಂಡೆನ್‌ಬುರ್ಗ್ ಸೀಮೆಯ ಸೊನ್ನೆನ್‌ಬುರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದರು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ಅವರು ಚಿಕ್ಕವರಾಗಿರುವಾಗಲೇ ತಾಯಿಯು ತೀರಿಕೊಂಡಳು. ಸಾಯುವಾಗ ಆಕೆಯು ಈ ಮಗನನ್ನು ದೇವರ ಸೇವೆಗೆ ಒಪ್ಪಿಸಿಕೊಟ್ಟಳು. ಮುಂದೆ ಅವರು ಹಾಲೆ ಎಂಬ ಪಟ್ಟಣದಲ್ಲಿ ಓದುತ್ತಿರುವಾಗ, ಚೆನ್ನಪಟ್ಟಣದಲ್ಲಿ ಸೇವೆಮಾಡಿ ಸ್ವದೇಶಕ್ಕೆ ಹಿಂದಿರುಗಿದ್ದ ಷುಲ್ಟ್ಸೆ ಎಂಬ ಮಿಷನೆರಿಯವರ ಪರಿಚಯವಾಯಿತು. ಆ ವೃದ್ಧರು ತಮಿಳು ಸತ್ಯವೇದವನ್ನು ಅಚ್ಚುಮಾಡಿಸುವ ಪ್ರಯತ್ನದಲ್ಲಿದ್ದರು. ಅವರಿಗೆ ಸಹಾಯಮಾಡುವದಕ್ಕಾಗಿ ಶ್ವಾರ್ಟ್ಸ್‌ರವರು ತಮಿಳು ಕಲಿಯತೊಡಗಿದರು. ಹೀಗೆ ದೇವರು ಅವರ ಕಾಲುಗಳು ಈ ದೇಶವನ್ನು ಮುಟ್ಟುವದಕ್ಕೆ ಮೊದಲೇ ಅವರ ನಾಲಿಗೆಯನ್ನು ಸಿದ್ಧಪಡಿಸಿದನು.

೧೭೫೦ನೇ ಜುಲೈಯಲ್ಲಿ ಅವರು ತರಂಗಂಬಾಡಿಯ ರೇವಿನಲ್ಲಿ ಇಳಿದರು. ಅದು ಆಗ ಡೆನ್ಮಾರ್ಕಿನವರ ವಶದಲ್ಲಿದ್ದ ಊರು. ೧೭೦೬ರಲ್ಲಿ ತ್ಸೀಗೆನ್‌ಬಾಲ್ಗ್‌ರವರು ಅಲ್ಲಿ ಪ್ರಾಟೆಸ್ಟಂಟ್ ಮಿಷನಿನ ಕೆಲಸವನ್ನು ಆರಂಭಿಸಿದ್ದರು. ಶ್ವಾರ್ಟ್ಸ್‌ರವರು ಬಂದ ನಾಲ್ಕು ತಿಂಗಳಲ್ಲೇ ತಮಿಳಿನಲ್ಲಿ ಪ್ರಸಂಗ ಮಾಡಿದರು. ಆದರೆ ದೇವಾಲಯದಲ್ಲಿ ನಿಂತು ಪ್ರಸಂಗ ಮಾಡುವದರಿಂದ ಮಾತ್ರ ಅವರು ತೃಪ್ತರಾಗಲಿಲ್ಲ. ಸುತ್ತಣ ಹಳ್ಳಿಗಳಿಗೆ ನಡೆದು ಹೋಗಿ, ಮರದ ನೆರಳಿನಲ್ಲಿಯೂ ಜಗುಲಿಯ ಮೇಲೆಯೂ ಕುಳಿತು ಜನರೊಡನೆ ಮಾತಾಡುವದು ಅವರ ವಾಡಿಕೆಯಾಯಿತು. ೧೭೬೦ರಲ್ಲಿ ಸಮುದ್ರ ದಾಟಿ ಸಿಂಹಳ ದ್ವೀಪದ ಸಭೆಗಳನ್ನು ನೋಡಿಕೊಂಡು ಬಂದರು. ೧೭೬೨ರಲ್ಲಿ ಕಾಲುನಡಿಗೆಯಾಗಿ ತಂಜಾವೂರಿಗೂ ತಿರುಚಿರಾಪಳ್ಳಿಗೂ ಹೋದರು. ನೋಡಿಬರಬೇಕೆಂದು ಹೋದ ಈ ಪ್ರಯಾಣವೇ ಅವರ ಮುಂದಿನ ಜೀವಿತಕ್ಕೆ ದಾರಿಯಾಯಿತು.

ತಿರುಚಿರಾಪಳ್ಳಿಯಲ್ಲಿ ೧೭೬೬ರಲ್ಲಿ ಒಂದು ದೊಡ್ಡ ದೇವಾಲಯವು ಪ್ರತಿಷ್ಠೆಯಾಯಿತು. ಮರುವರುಷದಿಂದ ಅಯ್ಯನವರು ಅಲ್ಲಿಯೇ ನೆಲೆಸಿ ಸೇವೆಮಾಡಿದರು. ದಂಡಿನ ಪಾದ್ರಿಯಾಗಿ ಮಾಡಿದ ಕೆಲಸಕ್ಕಾಗಿ ಇಂಗ್ಲಿಷ್ ಸರಕಾರದವರು ವರುಷಕ್ಕೆ ೧೦೦ ಪೌಂಡು ಸಂಬಳ ಗೊತ್ತುಮಾಡಿದಾಗ, ಅದರ ಬಹುಭಾಗವು ಮಿಷನಿನ ಕೆಲಸಕ್ಕೇ ಹೋಯಿತು. ತಾವಾದರೋ ಹಳೇ ಕಟ್ಟಡವೊಂದರಲ್ಲಿ ಮಂಚವೂ ತಾವೂ ಹಿಡಿಯುವಷ್ಟೇ ಸ್ಥಳವಿದ್ದ ಕೋಣೆಯಲ್ಲಿ ವಾಸಿಸಿ, ಅನ್ನವನ್ನೂ ಕಾಯಿಪಲ್ಯವನ್ನೂ ಉಂಡು, ಒರಟು ಹತ್ತಿಯ ಬಟ್ಟೆಗೆ ಕಪ್ಪು ಬಣ್ಣ ಹಾಕಿಸಿ ತೊಟ್ಟುಕೊಳ್ಳುತ್ತಿದ್ದರು. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಜೊತೆಯ ಮಿಷನೆರಿಯವರಾದ ಕೋಲ್‌ಹಾಫ್‌ರವರ ಮಗನನ್ನು ತಮ್ಮ ಬಳಿಯಲ್ಲಿಟ್ಟುಕೊಂಡು ತಂದೆಯಂತೆ ಸಾಕಿ ಕಲಿಸಿದರು. ೧೭೮೭ರಲ್ಲಿ ಆ ಯೌವನಸ್ಥನಿಗೆ ತರಂಗಂಬಾಡಿಯಲ್ಲಿ ಬೋಧಕದೀಕ್ಷೆಯಾದಾಗ ಅಯ್ಯನವರು ಅಲ್ಲಿಗೆ ಹೋಗಿ, ತಮ್ಮ ವೃದ್ಧ ಸ್ನೇಹಿತನ ಸಂತೋಷದಲ್ಲಿ ಪಾಲುಗಾರರಾದರು. ಅವರ ಸ್ನೇಹವು ಒಮ್ಮೆ ಬೇರೂರಿದರೆ ದೂರವು ಅದನ್ನು ಒಣಗಿಸುತ್ತಿರಲಿಲ್ಲ.

೧೭೭೮ರಲ್ಲಿ ಅವರು ತಂಜಾವೂರಿಗೆ ವಾಸವನ್ನು ಬದಲಾಯಿಸಿದರು. ಅದೇ ವರುಷ ದಕ್ಷಿಣದಲ್ಲಿ ಬಹು ದೂರವಿದ್ದ ಪಾಳಯಂಕೋಟೆಗೆ ಹೋದರು. ಅಲ್ಲಿ ಒಬ್ಬ ಮರಾಠೀ ಬ್ರಾಹ್ಮಣ ವಿಧವೆಯು ದೀಕ್ಷಾಸ್ನಾನವನ್ನು ಬಹುಕಾಲದಿಂದ ಬಯಸಿದ್ದಳು. ಆಕೆಯು ಒಬ್ಬ ಇಂಗ್ಲಿಷ್ ಸೇನಾಧಿಕಾರಿಯೊಡನೆ ವಿವಾಹವಿಲ್ಲದೆ ವಾಸಿಸುತ್ತಿದ್ದದರಿಂದ ಅಯ್ಯನವರು ಮೊದಲು ಒಪ್ಪಿರಲಿಲ್ಲ. ಆ ಅಧಿಕಾರಿಯು ತೀರಿಕೊಂಡ ಮೇಲೆ, ಈ ಭೇಟಿಯಲ್ಲಿ ಆಕೆಗೆ ಕ್ಲಾರಿಂದಾ ಎಂಬ ಹೆಸರಿನಿಂದ ದೀಕ್ಷಾಸ್ನಾನ ಕೊಟ್ಟರು. ಅವರು ಅಲ್ಲಿ ನಿಲ್ಲುವದಕ್ಕಾಗಲಿಲ್ಲ, ಹಿಂದಿರುಗಬೇಕಾಯಿತು. ಆದಾಗ್ಯೂ ೧೭೮೦ರಲ್ಲಿ ಬರೆದ ಸಭೆಯ ದಾಖಲೆಯಲ್ಲಿ ೪೦ ಮಂದಿಯ ಹೆಸರುಗಳಿದ್ದವು. ಕ್ಲಾರಿಂದಾ ಒಂದು ದೇವಾಲಯವನ್ನು ಕಟ್ಟಿಸಿದಳು. ೧೭೮೫ರಲ್ಲಿ ಅಯ್ಯನವರು ಮತ್ತೆ ಹೋಗಿ ಅದನ್ನು ಪ್ರತಿಷ್ಠೆಮಾಡಿದರು. ಆ ಸಭೆಯನ್ನು ನೋಡಿಕೊಳ್ಳುವದಕ್ಕೆ ಸತ್ಯನಾಥನೆಂಬ ತಮಿಳು ಉಪದೇಶಿಯನ್ನು ಕಳುಹಿಸಿ, ೧೭೯೦ರಲ್ಲಿ ಆತನಿಗೆ ಬೋಧಕದೀಕ್ಷೆ ಕೊಡಿಸಿದರು. ತಿರುನೆಲ್ವೇಲಿ ಸೀಮೆಯಲ್ಲಿ ಇಂದು ಕಾಣುವ ಬಹು ದೊಡ್ಡ ಸಭೆಗೆ ಇದೇ ಮೊದಲು. ತಾವು ನಿಲ್ಲಲಾರದ ಊರಿನಲ್ಲಿ ನಿಲ್ಲತಕ್ಕವರನ್ನು ಸಿದ್ಧಪಡಿಸುವದೂ ಸಂಚಾರದ ಕೆಲಸವೇ ಎಂದು ಅವರು ಅರಿತಿದ್ದರು.

ಪಾಳಯಂಕೋಟೆಯ ಈ ಮೊದಲನೆಯ ಭೇಟಿಯಾದ ಮರುವರುಷವೇ ಬೇರೊಂದು ವಿಧವಾದ ಪ್ರಯಾಣವು ಅವರ ಪಾಲಿಗೆ ಬಂತು. ೧೭೭೯ರಲ್ಲಿ ಮೈಸೂರನ್ನು ಆಳುತ್ತಿದ್ದ ಹೈದರಾಲಿಗೂ ಇಂಗ್ಲಿಷರಿಗೂ ಯುದ್ಧವಾಗುವ ಸೂಚನೆಗಳು ತೋರಿದವು. ಚೆನ್ನಪಟ್ಟಣದ ಗವರ್ನರರಾದ ರಂಬೋಲ್ಡ್‌ರವರು, ಹೈದರನ ಮನಸ್ಸನ್ನು ತಿಳಿದು ಸಮಾಧಾನದ ಮಾತನ್ನಾಡುವದಕ್ಕೆ ಶ್ವಾರ್ಟ್ಸ್‌ರವರೇ ತಕ್ಕವರೆಂದು ನೆನಸಿ, ಗುಟ್ಟಾಗಿ ಹೋಗಿಬರಬೇಕೆಂದು ಕೇಳಿಕೊಂಡರು. ಅರಸರ ಕಾರ್ಯದಲ್ಲಿ ಸುವಾರ್ತೆಯ ಸೇವಕನು ಕೈಹಾಕಬಹುದೋ ಎಂಬದು ಅವರಿಗೆ ಭಾರವಾದ ಪ್ರಶ್ನೆಯಾಯಿತು. ಅವರು ಪ್ರಾರ್ಥಿಸಿ ಯೋಚಿಸಿದರು. ರಕ್ತಪಾತವನ್ನು ತಡೆಯುವದು ಕ್ರೈಸ್ತನಿಗೆ ಯೋಗ್ಯವಾದದ್ದು, ಸುವಾರ್ತೆಯನ್ನು ಕೇಳದವರಿಗೆ ಅದನ್ನು ಹೇಳುವ ಸಂದರ್ಭವೂ ದೊರೆಯುವದು ಎಂದು ನಿಶ್ಚಯಿಸಿ ಒಪ್ಪಿದರು. ಆದರೆ ಯಾರಿಂದಲೂ ಬಹುಮಾನ ತೆಗೆದುಕೊಳ್ಳದೆ ಕೈಗಳನ್ನು ಶುದ್ಧವಾಗಿಟ್ಟುಕೊಳ್ಳಬೇಕೆಂದು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡರು.

ಜುಲೈಯಲ್ಲಿ ಹೊರಟು, ಕರೂರಿನಲ್ಲಿ ಕೆಲವು ವಾರಗಳು ತಂಗಿ, ಗಜ್ಜಲಹಟ್ಟಿ ಕಣಿವೆಯನ್ನೇರಿ ಆಗಸ್ಟಿನ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣವನ್ನು ಮುಟ್ಟಿದರು. ಕೋಟೆಯ ಬಳಿಯಲ್ಲಿ ಅವರಿಗೆ ಗುಡಾರ ಹಾಕಿಸಲ್ಪಟ್ಟಿತು. ಹೈದರನ ಸೈನ್ಯದಲ್ಲಿ ಯೂರೋಪಿನ ಸಿಪಾಯಿಗಳು ಅನೇಕರಿದ್ದರು. ಅಯ್ಯನವರು ಆ ಗುಡಾರದಲ್ಲಿ ಅವರನ್ನು ಕೂಡಿಸಿ ಆರಾಧನೆ ನಡಿಸಿದರು, ಯಾರೂ ಅಡ್ಡಿ ಮಾಡಲಿಲ್ಲ. ಹೈದರನು ಅವರನ್ನು ತನ್ನ ಹತ್ತಿರ ಕುಳ್ಳಿರಿಸಿಕೊಂಡು ಗೌರವದಿಂದ ಮಾತಾಡಿದನು. ಇಂಗ್ಲಿಷರು ಕೊಟ್ಟ ಮಾತುಗಳನ್ನು ಮುರಿದರೆಂಬ ದೂರು ಅವನಿಗಿತ್ತು. ಆದರೂ ಅವರು ಸಮಾಧಾನದ ಕೈಯನ್ನು ಚಾಚಿದರೆ ತನ್ನ ಕೈಯನ್ನು ಹಿಂದೆಗೆಯುವದಿಲ್ಲವೆಂದು ತಿಳಿಸಿ, ಪತ್ರವನ್ನು ಕೊಟ್ಟು ಕಳುಹಿಸಿದನು. ದಾರಿಯ ವೆಚ್ಚಕ್ಕೆಂದು ೩೦೦ ರೂಪಾಯಿಗಳ ಚೀಲವನ್ನೂ ಕೊಡಿಸಿದನು. ಅದನ್ನು ತಿರುಗಿ ಕೊಡುವದು ಅರಸನಿಗೆ ಅವಮಾನವೆಂದು ತಿಳಿದ ಅಯ್ಯನವರು ತೆಗೆದುಕೊಂಡು ಹೋಗಿ ಚೆನ್ನಪಟ್ಟಣದ ಸರಕಾರಕ್ಕೆ ಒಪ್ಪಿಸಿದರು. ಅವರೇ ಇಟ್ಟುಕೊಳ್ಳಬೇಕೆಂದು ಸರಕಾರದವರು ಹೇಳಿದಾಗ, ಆ ಹಣವನ್ನು ತಂಜಾವೂರಿನ ಬಡ ಮಕ್ಕಳ ಶಾಲೆಗೆ ಮೂಲಧನವಾಗಿ ಮಾಡಿದರು.

ಅಯ್ಯನವರ ಈ ಪ್ರಯಾಣದಿಂದ ಯುದ್ಧವು ನಿಲ್ಲಲಿಲ್ಲ. ೧೭೮೦ರಲ್ಲಿ ಹೈದರನ ದಂಡು ಘಟ್ಟವಿಳಿದು ಕರ್ನಾಟಿಕ್ ಎಂದು ಕರೆಯಲ್ಪಡುತ್ತಿದ್ದ ತಮಿಳು ಸೀಮೆಯನ್ನು ನುಗ್ಗಿ ಹಾಳುಮಾಡಿತು. ಹಾಗಾದರೆ ಆ ದೀರ್ಘ ಪ್ರಯಾಣವು ವ್ಯರ್ಥವಾಯಿತೋ? ಇಲ್ಲ. ಈ ಪಾದ್ರಿಯು ಪರಿಶುದ್ಧ ಮನುಷ್ಯನು, ಯಾರಿಗೂ ಕೇಡು ಬಗೆಯುವವನಲ್ಲ, ಇವನನ್ನು ತಡೆಯದೆ ಹೋಗಗೊಡಿಸಬೇಕೆಂದು ಹೈದರನು ತನ್ನ ಅಧಿಕಾರಿಗಳಿಗೆ ಅಪ್ಪಣೆ ಕೊಟ್ಟಿದ್ದನು. ಎರಡು ಸೈನ್ಯಗಳ ನಡುವೆ ಇತರರು ಹೆಜ್ಜೆಯಿಡಲಾರದ ಕಾಲದಲ್ಲಿ ಶ್ವಾರ್ಟ್ಸ್‌ರವರು ತಮ್ಮ ಸಭೆಗಳನ್ನು ನೋಡುವದಕ್ಕೆ ಹೋಗಿಬರುತ್ತಿದ್ದರು. ಖಡ್ಗವೂ ಚೀಟಿಯೂ ಕೊಡಲಾರದ ದಾರಿಯನ್ನು ಅವರ ನಡತೆಯು ಅವರಿಗೆ ತೆರೆಯಿತು.

ಯುದ್ಧದ ಹಿಂದೆಯೇ ಕ್ಷಾಮವು ಬಂತು. ತಂಜಾವೂರಿನ ಕೋಟೆಯೊಳಗೆ ಹಸಿವಿನಿಂದ ಸತ್ತವರ ಹೆಣಗಳು ಬೆಳಗಾಗುತ್ತಲೇ ಬೀದಿಗಳಲ್ಲಿ ಕಾಣುತ್ತಿದ್ದವು. ಅಯ್ಯನವರು ಅಕ್ಕಿಯು ಅಗ್ಗವಾಗಿದ್ದಾಗಲೇ ಕೊಂಡು ಕೂಡಿಸಿಟ್ಟಿದ್ದರಿಂದ ಅನೇಕರಿಗೆ ಅನ್ನವನ್ನು ಹಂಚಲು ಶಕ್ತರಾದರು. ಕೋಟೆಯ ಹೊರಗೆ ಹಳ್ಳಿಗಳಲ್ಲಿ ಧಾನ್ಯವಿತ್ತು, ಆದರೆ ರೈತರು ತರಲೊಲ್ಲದೆ ಇದ್ದರು. ಹಿಂದೆ ತಂದವರಿಗೆ ಹಣ ಕೊಡದೆ ವಂಚಿಸಿದ್ದರಿಂದ ಅವರಿಗೆ ರಾಜನ ಮಾತಿನಲ್ಲಿಯೂ ಇಂಗ್ಲಿಷರ ಮಾತಿನಲ್ಲಿಯೂ ನಂಬಿಕೆ ಇರಲಿಲ್ಲ. ಕೊನೆಗೆ ಶ್ವಾರ್ಟ್ಸ್‌ರವರನ್ನೇ ಕೇಳಿಕೊಂಡರು. ಅವರು ಹಣಕ್ಕೆ ತಾವೇ ಹೊಣೆಯೆಂದು ಹಳ್ಳಿಗಳಿಗೆ ಹೇಳಿಕಳುಹಿಸಿದಾಗ, ಒಂದೆರಡು ದಿನಗಳಲ್ಲಿ ೧,೦೦೦ ಎತ್ತುಗಳು ಒದಗಿದವು. ಸ್ವಲ್ಪ ಕಾಲದಲ್ಲಿ ೮೦,೦೦೦ ಕಲ ಧಾನ್ಯವು ಕೋಟೆಗೆ ಸೇರಿತು. ಕಲವೆಂಬದು ತಮಿಳರ ಧಾನ್ಯದ ಅಳತೆ. ಪ್ರತಿಯೊಬ್ಬನಿಗೂ ಸಲ್ಲಬೇಕಾದದ್ದು ತಪ್ಪದೆ ಸಂದಿತು. ಯುದ್ಧವು ೧೭೮೪ರಲ್ಲಿ ಮುಗಿಯಿತು. ಬಳಿಕ ವಸೂಲಿಯ ಹಿಂಸೆಯನ್ನು ತಾಳಲಾರದೆ ರೈತರು ಊರು ಬಿಟ್ಟು ಓಡಿಹೋಗಿ ಹೊಲಗಳು ಬೀಡುಬಿದ್ದಾಗಲೂ ಹಾಗೆಯೇ ಆಯಿತು. ರಾಜನು ಕರೆದಾಗ ಬಾರದವರು, ಇನ್ನು ಮೇಲೆ ಹಿಂಸೆಯಾಗದೆಂದು ಅಯ್ಯನವರು ಹೇಳಿದಾಗ ಒಂದೇ ದಿನದಲ್ಲಿ ೭,೦೦೦ ಮಂದಿ ಹಿಂದಿರುಗಿ ನೇಗಿಲು ಹಿಡಿದರು.

ವಾಚಕರೇ, ಈ ನಂಬಿಕೆಯು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ರೈತರು ಅವರನ್ನು ವರುಷವರುಷವೂ ತಮ್ಮ ದಾರಿಗಳಲ್ಲಿ ಕಂಡಿದ್ದರು. ಅವರು ಬಂದಾಗ ಏನನ್ನೂ ಕೇಳಲಿಲ್ಲ, ಹೋಗುವಾಗ ಏನನ್ನೂ ಹೊತ್ತುಕೊಂಡು ಹೋಗಲಿಲ್ಲ, ಹೇಳಿದ ಮಾತನ್ನು ಮರೆಯಲಿಲ್ಲ. ಒಂದೊಂದು ಭೇಟಿಯು ಒಂದೊಂದು ಹಿಡಿ ಬಿತ್ತನೆಯಾಗಿತ್ತು. ಕ್ಷಾಮದ ಕಾಲದಲ್ಲಿ ಅದು ಕೊಯ್ಲಿಗೆ ಬಂತು.

ಅವರ ಕೆಲಸದಲ್ಲಿ ಕೊರತೆಯೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಅವರ ಸಭೆಗಳಲ್ಲಿ ಬೇರೆ ಬೇರೆ ಜಾತಿಗಳಿಂದ ಬಂದವರು ದೇವರ ಆಲಯದೊಳಗೂ ಬೇರೆ ಬೇರೆಯಾಗಿ ಕುಳಿತುಕೊಳ್ಳುತ್ತಿದ್ದರು. ತಾಳ್ಮೆಯಿಂದಲೂ ಬೋಧನೆಯಿಂದಲೂ ಈ ಭೇದವು ತಾನಾಗಿ ಕರಗುವದೆಂದು ಅಯ್ಯನವರು ನಿರೀಕ್ಷಿಸಿ ಅದನ್ನು ಸಹಿಸಿದರು. ಅದು ಕರಗಲಿಲ್ಲ. ೧೮೩೩ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್‌ರವರು ಸಭೆಯಲ್ಲಿ ಜಾತಿಯನ್ನು ಬಿಡಲೇಬೇಕೆಂದು ಆಜ್ಞಾಪಿಸಿದಾಗ, ತಂಜಾವೂರಿನಲ್ಲಿ ಅನೇಕರು ಜಾತಿಗಿಂತ ಸಭೆಯನ್ನೇ ಬಿಟ್ಟರು. ಕಳೆಯನ್ನು ಸಸಿಯಲ್ಲೇ ಕೀಳದಿದ್ದರೆ ಬೇರು ಆಳಕ್ಕೆ ಇಳಿಯುವದೆಂಬದು ಬೇಸಾಯಮಾಡುವ ನಮಗೆ ಯಾರೂ ಹೇಳಬೇಕಾದದ್ದಿಲ್ಲ. ಬೋಧಕರು ಮನೆಮನೆಗೆ ಬಂದರೂ, ನಾವು ನೆರೆಯ ಸಹೋದರನ ಮನೆಯ ಹೊಸ್ತಿಲನ್ನು ತುಳಿಯದಿದ್ದರೆ ಆ ಭೇಟಿಯ ಫಲವು ಅರ್ಧವೇ.

ಅವರು ಮಾಡಿದ ಬೇರೊಂದು ಉಪಕಾರವನ್ನೂ ಹೇಳತಕ್ಕದ್ದು. ತಂಜಾವೂರಿನ ತುಳಜಾ ರಾಜನು ೧೭೮೭ರಲ್ಲಿ ಸಾಯುವದಕ್ಕೆ ಮೊದಲು, ತಾನು ದತ್ತು ತೆಗೆದುಕೊಂಡಿದ್ದ ಸರ್ಫೋಜಿ ಎಂಬ ಬಾಲಕನನ್ನು ಅಯ್ಯನವರ ಕೈಗೆ ಒಪ್ಪಿಸಬೇಕೆಂದಿದ್ದನು. ಅರಸುತನದ ಭಾರವನ್ನು ಅವರು ಒಪ್ಪಲಿಲ್ಲ, ಆದರೆ ಹುಡುಗನನ್ನು ಕೈಬಿಡಲೂ ಇಲ್ಲ. ರಾಜನ ತಮ್ಮನಾದ ಅಮರಸಿಂಹನು ಪಟ್ಟವನ್ನು ಪಡೆದು ಹುಡುಗನನ್ನು ಕತ್ತಲೆಯ ಕೋಣೆಯಲ್ಲಿ ವಿದ್ಯೆಯಿಲ್ಲದೆ ಇಟ್ಟಾಗ, ಅಯ್ಯನವರು ಅವನ ಪರವಾಗಿ ಮತ್ತೆ ಮತ್ತೆ ಸರಕಾರಕ್ಕೆ ಬರೆದರು. ೧೭೯೩ರಲ್ಲಿ ಅವನನ್ನು ಭದ್ರತೆಗಾಗಿ ಚೆನ್ನಪಟ್ಟಣಕ್ಕೆ ಸೇರಿಸಿದರು. ಸರ್ಫೋಜಿಯು ಕ್ರೈಸ್ತನಾಗಲಿಲ್ಲ, ಆದರೂ ಶ್ವಾರ್ಟ್ಸ್‌ರವರನ್ನು ತಂದೆಯೆಂದೇ ಭಾವಿಸಿದನು.

೧೭೯೭ರ ಕೊನೆಯಲ್ಲಿ ಅಯ್ಯನವರ ಕಾಲುಗಳು ನಡೆಯಲಾರದೆ ಹೋದವು. ಆಗ ಅವರು ನೋಡಹೋಗುತ್ತಿದ್ದವರೆಲ್ಲರೂ ಅವರನ್ನು ನೋಡಬಂದರು. ಸರ್ಫೋಜಿಯೂ ಬಂದು ಆಶೀರ್ವಾದ ಹೊಂದಿದನು. ೧೭೯೮ನೇ ಫೆಬ್ರವರಿ ೧೩ರಲ್ಲಿ, ಎಪ್ಪತ್ತೊಂದು ವರುಷ ಪ್ರಾಯದವರಾಗಿ, ಅವರು ತಂಜಾವೂರಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಯೂರೋಪಿನಿಂದ ಬಂದ ಮೇಲೆ ಒಮ್ಮೆಯಾದರೂ ಸ್ವದೇಶವನ್ನು ನೋಡಹೋಗಿರಲಿಲ್ಲ. ಸರ್ಫೋಜಿಯು ಸಮಾಧಿಯ ಬಳಿಯಲ್ಲಿ ನಿಂತು ಅತ್ತನು. ಅದೇ ವರುಷ ಅವನು ಪಟ್ಟಕ್ಕೆ ಬಂದನು; ಮುಂದೆ ಇಂಗ್ಲೆಂಡಿನ ಶಿಲ್ಪಿಯಾದ ಫ್ಲಾಕ್ಸ್‌ಮನ್‌ರಿಂದ ಅಮೃತಶಿಲೆಯಲ್ಲಿ ಒಂದು ಸ್ಮಾರಕವನ್ನು ಮಾಡಿಸಿ ತಂಜಾವೂರಿನ ದೇವಾಲಯದಲ್ಲಿ ಇಡಿಸಿದನು. ಮರಣಶಯ್ಯೆಯಲ್ಲಿರುವ ವೃದ್ಧ ಬೋಧಕರ ಕೈಯನ್ನು ಅರಸನು ಹಿಡಿದಿರುವದು ಅದರಲ್ಲಿ ಕೆತ್ತಲ್ಪಟ್ಟಿದೆ.

ಆದುದರಿಂದ ಪ್ರಿಯರೇ, ನಿಮ್ಮ ಬೋಧಕರು ಊರಿಗೆ ಬರುವಾಗ ಆ ದಿನವನ್ನು ಹಗುರವಾಗಿ ಎಣಿಸಬೇಡಿರಿ. ಕೋಳಿಯ ಅಡಿಗೆಯನ್ನೂ ಹೂವಿನ ಹಾರವನ್ನೂ ಕುರಿತು ಚಿಂತಿಸುವದಕ್ಕಿಂತ, ಊರಿನಲ್ಲಿ ಯಾರು ಕಾಯಿಲೆಯಾಗಿದ್ದಾರೆ, ಯಾರು ಆರಾಧನೆಗೆ ಬಾರದೆ ಹಿಂದೆಬಿದ್ದಿದ್ದಾರೆ, ಯಾವ ಎರಡು ಮನೆಗಳು ಮಾತು ಬಿಟ್ಟಿವೆ ಎಂಬದನ್ನು ಅವರಿಗೆ ತಿಳಿಸಿ ಅಲ್ಲಿಗೆ ಕರೆದುಕೊಂಡು ಹೋಗಿರಿ. ಅವರು ಹೊರಟುಹೋದ ಮೇಲೆ ಅದೇ ಮನೆಗಳಿಗೆ ನೀವೇ ಹೋಗಿರಿ. ಬೋಧಕರಾದವರೂ ದೂರದ ಚಿಕ್ಕ ಸಭೆಯನ್ನು ಕೊನೆಗೆ ತಳ್ಳದಿರಲಿ. ಪಾಳಯಂಕೋಟೆಯಲ್ಲಿಯೂ ಮೊದಲು ಇದ್ದವಳು ಒಬ್ಬಳೇ ವಿಧವೆ. ತನ್ನ ಕುರಿಗಳನ್ನು ಹುಡುಕಿಕೊಂಡು ಬಂದ ಮಹಾ ಕುರುಬನು, ನಮ್ಮ ಹಳ್ಳಿಗಳ ದಾರಿಗಳನ್ನು ಬಲ್ಲ ಸೇವಕರನ್ನೂ ಅವರಿಗಾಗಿ ತೆರೆದಿರುವ ಬಾಗಿಲುಗಳನ್ನೂ ನಮಗೆ ಯಾವಾಗಲೂ ದಯಪಾಲಿಸಲಿ.