ಕಾಲಾ ಆಜಾರ್‌ಗೆ ಮದ್ದು ಕಂಡುಹಿಡಿದ ಡಾ. ಉಪೇಂದ್ರನಾಥ ಬ್ರಹ್ಮಚಾರಿ

ಉರ್ದು ಓದಿದ ನಿಮಗೆ ಆಜಾರ್ ಎಂದರೆ ಕಾಯಿಲೆ ಎಂಬುದು ಗೊತ್ತು. ಬಂಗಾಳ, ಬಿಹಾರ, ಅಸ್ಸಾಂಗಳಲ್ಲಿ ಹಳ್ಳಿ ಹಳ್ಳಿಗಳನ್ನೇ ಬರಿದು ಮಾಡಿದ ಒಂದು ಜ್ವರಕ್ಕೆ ಜನರು ಕಾಲಾ ಆಜಾರ್, ಅಂದರೆ ಕಪ್ಪು ಕಾಯಿಲೆ ಎಂದು ಹೆಸರಿಟ್ಟಿದ್ದರು. ತಿಂಗಳುಗಟ್ಟಲೆ ಜ್ವರ, ಊದಿಕೊಂಡ ಗುಲ್ಮ, ಕಪ್ಪಾಗುವ ಮೈಬಣ್ಣ. ಚಿಕಿತ್ಸೆ ಇಲ್ಲದಿದ್ದರೆ ಸಾವು ಬಹುಮಟ್ಟಿಗೆ ಖಚಿತ.

ಇದಕ್ಕೆ ಮದ್ದು ಕಂಡುಹಿಡಿದ ಬ್ರಹ್ಮಚಾರಿಯವರು 1873ರಲ್ಲಿ ಜನಿಸಿದರು. ತಂದೆ ರೈಲ್ವೆ ವೈದ್ಯರು. ಅವರು ಬಿ.ಎ. ಓದಿದ ಹೂಗ್ಲಿ ಕಾಲೇಜು, ಹಾಜಿ ಮುಹಮ್ಮದ್ ಮೊಹ್ಸಿನ್ ಅವರು ವಕ್ಫ್ ಮಾಡಿದ ಆಸ್ತಿಯ ಹಣದಿಂದ 1836ರಲ್ಲಿ ಆರಂಭವಾದದ್ದು. ಮುಂದೆ ಕಲ್ಕತ್ತದಲ್ಲಿ ರಸಾಯನಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡನ್ನೂ ಓದಿ, 1904ರಲ್ಲಿ ಪಿಎಚ್.ಡಿ. ಪಡೆದರು.

ನಮ್ಮ ನಂಗಲಿಯ ಹೆದ್ದಾರಿ ಚೆನ್ನೈ ಕಡೆಗೆ ಸಾಗುತ್ತದೆಯಲ್ಲವೇ? ಅಂದಿನ ಆ ಮದ್ರಾಸಿನಲ್ಲೇ 1903ರಲ್ಲಿ ಡಾ. ಚಾರ್ಲ್ಸ್ ಡೊನೊವನ್ ಅವರು ರೋಗಿಗಳ ಗುಲ್ಮದಲ್ಲಿ ಈ ರೋಗದ ಪರಾವಲಂಬಿ ಜೀವಿಯನ್ನು ಕಂಡರು. ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಲೀಶ್‌ಮನ್ ಅವರೂ ಅದನ್ನು ವರದಿ ಮಾಡಿದ್ದರು. ಇಬ್ಬರ ಹೆಸರೂ ಸೇರಿ ಅದು ಲೀಶ್ಮೇನಿಯಾ ಡೊನೊವಾನಿ ಆಯಿತು.

ಇದರ ಉಪಾಯ ವಿಚಿತ್ರವಾದದ್ದು. ಮರಳು ನೊಣ ಕಚ್ಚಿದಾಗ ಇದು ದೇಹವನ್ನು ಸೇರುತ್ತದೆ. ರೋಗಾಣುಗಳನ್ನು ನುಂಗಿ ಅರಗಿಸುವ ಭಕ್ಷಕ ಕೋಶಗಳು ಇದನ್ನೂ ನುಂಗುತ್ತವೆ. ಆದರೆ ಇದು ಸಾಯದೆ, ಕಾವಲುಗಾರನ ಮನೆಯಲ್ಲೇ ಅಡಗಿದ ಕಳ್ಳನಂತೆ ಒಳಗೇ ಬೆಳೆಯುತ್ತದೆ. ಆಗ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಸಂದೇಶ ಕಳಿಸಬೇಕು. ಅದು ತಲುಪಿದರೆ ಭಕ್ಷಕ ಕೋಶ ಎಚ್ಚೆತ್ತು, ನೈಟ್ರಿಕ್ ಆಕ್ಸೈಡ್‌ನಂಥ ವಿಷವಸ್ತುಗಳನ್ನು ತಯಾರಿಸಿ ಕಳ್ಳನನ್ನು ಕೊಲ್ಲುತ್ತದೆ. ಕಾಯಿಲೆ ಉಲ್ಬಣಿಸಿದವರಲ್ಲಿ ಈ ಹೋರಾಟ ಸೋತಿರುತ್ತದೆ.

ಆ ಸೋತ ದೇಹಕ್ಕೆ ನೆರವು ತಂದವರು ಬ್ರಹ್ಮಚಾರಿಯವರು. ಕಲ್ಕತ್ತದ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಯ ಒಂದು ಪುಟ್ಟ ಕೋಣೆ ಅವರ ಪ್ರಯೋಗಾಲಯವಾಗಿತ್ತು. ಅಲ್ಲಿ ವಿದ್ಯುತ್ತಿಲ್ಲ, ಗ್ಯಾಸ್ ಇಲ್ಲ, ನಲ್ಲಿ ನೀರೂ ಇಲ್ಲ. ರಾತ್ರಿ ಸೀಮೆಎಣ್ಣೆ ದೀಪವೇ ಗತಿ. ಅಲ್ಲಿಯೇ 1920ರಲ್ಲಿ ಅವರು ಆಂಟಿಮನಿಯಿಂದ ಯೂರಿಯಾ ಸ್ಟಿಬಮೈನ್ ಔಷಧ ತಯಾರಿಸಿದರು. ಅಸ್ಸಾಮಿನಲ್ಲಿ ಅದು ಅಸಂಖ್ಯ ಜೀವಗಳನ್ನು ಉಳಿಸಿತು. ಆಂಟಿಮನಿ ಔಷಧಗಳು ಪೂರ್ಣ ಫಲ ಕೊಡಲು ದೇಹದ ಟಿ ಕೋಶಗಳ ಸಹಾಯವೂ ಬೇಕೆಂದು ವಿಜ್ಞಾನಿಗಳು ನಂತರ ತೋರಿಸಿದರು.

1929ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾಯಿತು, ಆದರೆ ಪ್ರಶಸ್ತಿ ಬರಲಿಲ್ಲ. 1946ರಲ್ಲಿ ಅವರು ತೀರಿಕೊಂಡರು. ಮುಂದೆ ಬಿಹಾರದಲ್ಲಿ ಪರಾವಲಂಬಿಯು ಆಂಟಿಮನಿಗೆ ಬಗ್ಗದಾದಾಗ ಬೇರೆ ಔಷಧಗಳು ಬಂದವು.

ಓದುಗರೇ, ಹಾಜಿ ಮೊಹ್ಸಿನ್ ತೀರಿಕೊಂಡದ್ದು 1812ರಲ್ಲಿ. ತಮ್ಮ ದಾನದಿಂದ ಹುಟ್ಟಿದ ಕಾಲೇಜಿನಲ್ಲಿ ಯಾರು ಓದುವರು, ಅವರಿಂದ ಯಾರ ಜೀವ ಉಳಿಯುವುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಒಂದು ಮಗುವಿನ ಓದಿಗೆ ಕೈಲಾದಷ್ಟು ಕೊಡುವಾಗ ಇದನ್ನು ನೆನೆಯಿರಿ. ವಿದ್ಯಾರ್ಥಿಗಳೇ, ನಮ್ಮ ಶಾಲೆಯಲ್ಲಿ ಸೌಕರ್ಯವಿಲ್ಲ ಎಂದು ಮನಸ್ಸು ಕುಗ್ಗಿದಾಗ ಆ ಸೀಮೆಎಣ್ಣೆ ದೀಪವನ್ನು ನೆನಪಿಸಿಕೊಳ್ಳಿ.